ಕೊಳದ ಒಂದು ಗುಟುಕು

"ಪಂಪು ಹಾಕಿ, ಬಕೆಟ್ಟಲ್ಲಿ ಮೊಗೀರಿ, ಏನಾದ್ರೂ ಮಾಡಿ ಸಾರ್. ಬಾಯಿ ಮಾತ್ರ ಇಡಬೇಡಿ," ಎಂದ ಮೋಟಾರು ರಿಪೇರಿಯವನು. ಕೊಳ ಕಾಲಬುಡದಲ್ಲೇ ಇದ್ದರೂ ಪಂಪಿಗೆ ಮೊದಲು ತುಂಬಲು ಅವನು ಮನೆಯಿಂದ ಎರಡು ಕ್ಯಾನು ನಲ್ಲಿ ನೀರು ಹೊತ್ತು ತಂದಿದ್ದ.

ವಿಜ್ಞಾನದ ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. "ಯಾಕಪ್ಪ, ಕೊಳ ಎಂಜಲಾಗುತ್ತಾ?"

"ಈ ಮನೇಲಿ ಮೊದಲಿದ್ದ ಹೆಂಗಸು ಮಾಟ ಮಾಡ್ತಿದ್ಲು. ಸಾಯೋ ಮುಂಚೆ ಕಲಿತ ಮಂತ್ರಾನೆಲ್ಲ ಈ ನೀರಿಗೇ ಉಗಿದ್ಲು. ಬಾಯಿ ಇಟ್ಟೋರನ್ನ ಅದು ಬಿಡಲ್ಲ."

"ನೀರಿಗೆ ಗೊತ್ತಿರೋದು ಇಳಿಜಾರು ಒಂದೇ ಕಣಯ್ಯ."

ಮೇಷ್ಟ್ರು ಈ ಮನೆಗೆ ಬಂದು ತಿಂಗಳಾಗಿತ್ತು. ಹಿತ್ತಿಲಲ್ಲಿ ಕೋಣೆಯಷ್ಟಗಲದ ಕೊಳ, ಸುತ್ತ ತಗ್ಗಾದ ಮಣ್ಣಿನ ಏರಿ. ಹೋದ ವಾರ ಎರಡು ವರ್ಷದ ಮಗಳು ಅದರ ಅಂಚಿನವರೆಗೂ ತೂರಾಡುತ್ತ ನಡೆದುಹೋಗಿದ್ದಳು. ಅಮ್ಮ ಎಷ್ಟು ಕರೆದರೂ ಕೇಳದವಳು, ಅಡುಗೆಮನೆಯ ಕಿಟಕಿಯಿಂದ ಅಪ್ಪ "ಪುಟ್ಟೀ!" ಎಂದು ಗದರಿದ್ದಕ್ಕೆ ಗಕ್ಕನೆ ನಿಂತಳು. ಕೊಳ ಬತ್ತಿಸಿ ಮಣ್ಣು ತುಂಬಬೇಕೆಂದು ಅವತ್ತೇ ನಿರ್ಧರಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ನೀರು ಮೊಣಕಾಲಿನ ಮಟ್ಟಕ್ಕಿಳಿಯಿತು. ಕೆಸರು ಸಿಕ್ಕಿ ಪಂಪು ಕೆಮ್ಮುತ್ತ ನಿಂತಿತು. ಕೊಳೆತ ಎಲೆಗಳ ನಾತದ ಜೊತೆ ಸುಟ್ಟ ಕೂದಲಿನ ವಾಸನೆ ಎದ್ದಿತು. ಉಳಿದ ನೀರಿಗೆ ಒಂದು ಪೈಪು ಸಾಕಿತ್ತು. ಒಂದು ತುದಿ ಕೊಳದಲ್ಲಿ, ನಡುಭಾಗ ಏರಿಯ ಮೇಲೆ, ಇನ್ನೊಂದು ತುದಿ ಆಚೆಯ ಆಳದ ಚರಂಡಿಯಲ್ಲಿ. ಒಮ್ಮೆ ಪೈಪು ತುಂಬಿದರೆ ನೀರು ತಾನಾಗಿ ಹರಿಯುತ್ತದೆ.

"ಹತ್ತೇ ನಿಮಿಷ ಸಾರ್, ಪೈಪಿಗೆ ತುಂಬಕ್ಕೆ ನಲ್ಲಿ ನೀರು ತರ್ತೀನಿ," ಎಂದು ರಿಪೇರಿಯವನು ಖಾಲಿ ಕ್ಯಾನು ಎತ್ತಿಕೊಂಡು ಹೋದ.

ಅಷ್ಟು ಹೊತ್ತು ಯಾರು ಕಾಯುತ್ತಾರೆ? ಮೇಷ್ಟ್ರು ಚರಂಡಿಗಿಳಿದು ಪೈಪಿನ ತುದಿಗೆ ಬಾಯಿಟ್ಟು ಎಳೆದರು. ನೀರು ನುಗ್ಗಿತು. ಒಂದು ಗುಟುಕು ಗಂಟಲಿಗಿಳಿದೇ ಹೋಯಿತು.

ಬೆಚ್ಚಗಿತ್ತು.

ಚರಂಡಿ ಭೋರೆಂದು ತುಂಬತೊಡಗಿತು. ಅವರು ಏರಿ ಹತ್ತಿ ಕೊಳದೊಳಗೆ ನೋಡಿದರು. ಮಟ್ಟ ಅಳೆಯಲು ಚಾಕುವಿನಿಂದ ಗೆರೆ ಕೊರೆದು ನೆಟ್ಟಿದ್ದ ಕೋಲು ಅಲ್ಲೇ ಇತ್ತು. ನೀರು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಹಾಗಾದರೆ ಹರಿಯುತ್ತಿರುವುದು ಎಲ್ಲಿಯ ನೀರು?

ಉಗುಳು ನುಂಗಲು ಹೋದರು. ಉಗುಳಿರಲಿಲ್ಲ. ರೆಪ್ಪೆ ಕಣ್ಣನ್ನು ಮರಳಿನಂತೆ ಕೆರೆಯಿತು. ಬೆರಳುಗಳು ಒಣದ್ರಾಕ್ಷಿಯಂತೆ ಸುಕ್ಕುಗಟ್ಟುತ್ತಿದ್ದವು. ತೆವಳಿಕೊಂಡು ಇಳಿದು ಪೈಪಿನ ನೀರನ್ನು ನಾಲಿಗೆಗೆ ತಾಗಿಸಿದರು. ಉಪ್ಪು. ಕಣ್ಣೀರಿನ ಉಪ್ಪು. ಪೈಪು ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಕೈಯಲ್ಲಿ ಕಸುವಿಲ್ಲ. ನೀರು ನಿಲ್ಲಲಿಲ್ಲ.

"ಅಯ್ಯೋ, ಬಾಯಿ ಇಟ್ರಾ ಸಾರ್!"

ರಿಪೇರಿಯವನು ಕ್ಯಾನು ಎಸೆದು ಓಡಿಬಂದ. ಗಾಳಿ ಹೊಕ್ಕರೆ ಹರಿವು ನಿಲ್ಲುತ್ತದೆಂದು ಅವನಿಗೂ ಗೊತ್ತಿತ್ತು. ಚಾಕು ತೆಗೆದು ಏರಿಯ ನೆತ್ತಿಯ ಮೇಲೆ ಪೈಪನ್ನು ಸೀಳಿದ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಅದೇ ಕ್ಷಣ ಮೇಷ್ಟ್ರ ಗಂಟಲಲ್ಲಿ ಏನೋ ಸೀಳಿತು. ನೀರು ಕೇಳಲು ಬಾಯಿ ತೆರೆದರು.

ಸುಯ್.

ಆಸ್ಪತ್ರೆಯಲ್ಲಿ ಮೂರು ದಿನ ಗ್ಲೂಕೋಸ್ ಬಾಟಲಿ ಏರಿಸಿದರು. ಜೀವ ಉಳಿಯಿತು. ಗಂಟಲೊಳಗೆ ಟಾರ್ಚು ಬಿಟ್ಟು ನೋಡಿದ ಡಾಕ್ಟರು ಟಾರ್ಚು ಆರಿಸಿ, ಇನ್ನು ಮಾತಿನ ಬದಲು ಬರೆದು ತೋರಿಸಲು ಚೀಟಿ, ಪೆನ್ನು ಕೊಟ್ಟರು.

ನಾಲ್ಕನೆಯ ದಿನ ಮನೆಗೆ ಬಂದಾಗ ಕೊಳ ಅಂಚಿನವರೆಗೆ ತುಂಬಿ ನಿಂತಿತ್ತು.

"ಪುಟ್ಟಿ ಮಲಗಿದಾಳೆ. ತಾರಸಿ ಮೇಲೆ ಬಟ್ಟೆ ಹರವಿ ಬರ್ತೀನಿ ರೀ. ಎದ್ರೆ ನನ್ನ ಕೂಗಿ," ಎಂದ ಹೆಂಡತಿ ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಬೇಗ ಬಂದ್ಬಿಡ್ತೀನಿ."

ಅವರು ಅಡುಗೆಮನೆಗೆ ನೀರು ಕುಡಿಯಲು ಹೋದರು. ಕಿಟಕಿಯಾಚೆ, ಏರಿಯ ಮೇಲೆ, ಪುಟ್ಟ ಬೆನ್ನು. ನೀರಿನೊಳಗಿನ ಯಾರಿಗೋ ಕೈಚಾಚುತ್ತ ಹೆಜ್ಜೆ ಇಡುತ್ತಿದ್ದಳು.

ಲೋಟ ಬಿತ್ತು. ಬಾಗಿಲಿಗೆ ಓಡಿದರು. ಬಡಕಲು ಕಾಲು ತೊಡರಿತು. ಬಿದ್ದಲ್ಲಿಂದಲೇ ಎದೆ ಬಿರಿಯುವಂತೆ ಕೂಗಿದರು.

ಸುಯ್.

ಮಗಳು ನಿಲ್ಲಲಿಲ್ಲ.