ಮಿಣುಕು ಎಣಿಸುವ ಕೆಲಸ

"ಈ ಹಳದಿ ದೀಪ ಯಾವಾಗಿಂದ ಹತ್ತೇತ್ರಿ?"

"ದೀಪಾವಳಿಯಿಂದ..."

"ಈಗ ಯುಗಾದಿ ಬಂತು! ಎದುರಿಗೇ ಉರಿಯೋದನ್ನ ನೋಡ್ಕೋತ ಕಾರು ಓಡಿಸೀರಿ? ನಿಮಗ ಕಣ್ಣಿಲ್ಲೇನು?"

ಕಣ್ಣೇನೋ ಇದ್ದವು. ಆದರೆ ಆ ಕ್ಷಣ ಅವು ದೀಪವನ್ನು ಬಿಟ್ಟು ಬೈಯುತ್ತಿದ್ದವಳನ್ನೇ ನೋಡುತ್ತಿದ್ದವು, ಪಾಪ!

ಅದು ಎರಡು ಸಾವಿರದ ಐದನೇ ಇಸವಿ. ರಾಣೆಬೆನ್ನೂರಿನ ಪಿ.ಬಿ. ರಸ್ತೆಯಲ್ಲಿ ನಾಗಪ್ಪನ ಗ್ಯಾರೇಜು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮಗಳು ಸುಧಾರಾಣಿ ಅಪ್ಪನ ಜೊತೆ ಅಲ್ಲೇ ನಿಂತುಬಿಟ್ಟಿದ್ದಳು. ಬೈಸಿಕೊಂಡವನು ವಿಜಯಮಹಾಂತೇಶ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ, ತಂದೆ ಓಡಿಸುತ್ತಿದ್ದ ಹಳೇ ಬಿಳಿ ಕಾರು.

ಅವಳು ಬಾನೆಟ್ ಎತ್ತಿ ಏರ್ ಫಿಲ್ಟರ್ ಹೊರಗೆಳೆದು ಒಮ್ಮೆ ಝಾಡಿಸಿದಳು. ಅಷ್ಟೇ! ಕೆಂಪು ಧೂಳು ಎದ್ದು ಇಬ್ಬರ ಮೂಗಿಗೂ ಹೊಡೆಯಿತು.

"ಆಕ್ಷೀ! ಏನ್ರೀ ಇದು?"

"ಮೆಣಸಿನಕಾಯಿ ಮಾರ್ಕೆಟ್ಟಿನ್ಯಾಗ ಕಾರು ನಿಂದ್ರಸತೇನ್ರಿ... ಆಕ್ಷೀ!"

ಒಳಗಿನಿಂದ ಬಂದ ನಾಗಪ್ಪ ಕಕ್ಕಾಬಿಕ್ಕಿಯಾದ. "ಏನಾತವ್ವಾ? ಇಬ್ಬರೂ ಯಾಕ ಅಳಾಕತ್ತೀರಿ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ನೋಡಿ, ಇವರ ಕಥೆ ಶುರುವಾದದ್ದೇ ಕಣ್ಣೀರಿನಿಂದ.

ಈಗ ಕಾರಿಗೆ ಕಂಪ್ಯೂಟರ್ ಚುಚ್ಚಿದರೆ ಪರದೆಯ ಮೇಲೆ ರೋಗದ ಹೆಸರೇ ಬರುತ್ತದೆ. ಆಗ ಹಾಗಿರಲಿಲ್ಲ. ಬಾನೆಟ್ಟಿನೊಳಗೆ ಪುಟ್ಟದೊಂದು ಕನೆಕ್ಟರ್ ಇರುತ್ತಿತ್ತು. ಅದರ ಎರಡು ಕಿಂಡಿಗೆ ಒಂದು ತುಂಡು ತಂತಿ ಸಿಕ್ಕಿಸಿದರೆ, ಸ್ಟೇರಿಂಗಿನ ಹಿಂದಿನ ಹಳದಿ ದೀಪ ಮಿಣುಕತೊಡಗುತ್ತಿತ್ತು. ಎಷ್ಟು ಮಿಣುಕು, ಎಲ್ಲಿ ತಡೆ ಎಂದು ಎಣಿಸಿದರೆ ಯಾವ ಭಾಗ ಕೆಟ್ಟಿದೆ ಎಂದು ತಿಳಿಯುತ್ತಿತ್ತು. ಅದಕ್ಕೆ ಇಬ್ಬರು ಬೇಕು. ಒಬ್ಬರು ಬಾನೆಟ್ ಹತ್ತಿರ, ಇನ್ನೊಬ್ಬರು ಒಳಗೆ ಕುಳಿತು ಎಣಿಸಬೇಕು.

"ನೀವ ಎಣಸ್ರಿ," ಅಂದಳು ಸುಧಾರಾಣಿ.

"ಎರಡು... ತಡದು ಮೂರು... ಅಲ್ಲ, ನಾಕು..."

"ಖರೇ ಹೇಳ್ರಿ! ದೀಪಾ ನೋಡಾಕತ್ತೀರೋ, ಮತ್ತೇನು ನೋಡಾಕತ್ತೀರಿ?"

ಗಾಜಿನಾಚೆ, ಎತ್ತಿದ ಬಾನೆಟ್ಟಿನ ಪಕ್ಕದಿಂದ ಇಣುಕುವ ಅವಳ ಗ್ರೀಸಿನಿಂದ ಕಪ್ಪಾದ ಕೆನ್ನೆ, ಹಣೆಗೆ ಅಂಟಿದ ಕೂದಲು... ಲೆಕ್ಕ ತಪ್ಪದೇ ಇದ್ದೀತೆ?

"ಕೆಂಪು ದೀಪ ಹತ್ತಿದ್ರ ಅಲ್ಲೇ ನಿಂದ್ರಿಸ್ರಿ," ಎಂದು ಕಳಿಸುವಾಗ ತಾಕೀತು ಮಾಡಿದಳು. "ಹಳದಿ ಹತ್ತಿದ್ರ ಸಾವಕಾಶ ಬರ್ರಿ. ಆದ್ರ ಬರ್ರಿ, ಮತ್ತ ಆರು ತಿಂಗಳು ಮಾಡಬ್ಯಾಡ್ರಿ."

ಅವನು ಬಂದ. ಬರುತ್ತಲೇ ಇದ್ದ! ಬ್ಯಾಡಗಿಯ ಧೂಳಿಗೂ ಆ ಕಾರಿಗೂ ಬಿಡದ ನಂಟು. ಅವನು ಎಣಿಸುವುದು, ಅವಳು ಗದರಿಸುವುದು, ಆಮೇಲೆ ಇಬ್ಬರೂ ಚಹಾ ಕುಡಿಯುವುದು. ಮೊಬೈಲಿನಲ್ಲಿ ಮಾತಿಗಿಂತ ಮಿಸ್ಡ್ ಕಾಲ್ ಹೆಚ್ಚಿದ್ದ ಕಾಲ. ಒಂದು ರಿಂಗಾದರೆ ಊರು ಮುಟ್ಟಿದೆ ಎಂದರ್ಥ. ಆ ಒಂದು ರಿಂಗಿಗಾಗಿ ಸುಧಾರಾಣಿ ಅಡುಗೆಮನೆಯಲ್ಲೂ ಫೋನು ಪಕ್ಕಕ್ಕಿಟ್ಟುಕೊಳ್ಳುತ್ತಿದ್ದಳು.

ಮುಂದಿನ ಸುಗ್ಗಿಯ ಹೊತ್ತಿಗೆ ಹಾವೇರಿಯಿಂದ ಅವಳಿಗೊಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿದ್ದ, ಮನೆತನ ಚೆನ್ನಾಗಿತ್ತು. ನಾಗಪ್ಪ ಬಲವಂತ ಮಾಡಲಿಲ್ಲ. "ವಿಚಾರ ಮಾಡಿ ಹೇಳವ್ವಾ," ಅಂದ.

ಅವಳು ವಿಜಯಮಹಾಂತೇಶನ ಒಂದು ಮಾತಿಗಾಗಿ ಕಾದಳು. "ಸೋಮವಾರ ಬರತೇನಿ. ನಿಮ್ಮ ಕೂಡ ಒಂದು ಮಾತು ಆಡೋದೈತಿ," ಎಂದು ಅವನೂ ಫೋನಿನಲ್ಲಿ ಹೇಳಿದ್ದ. ಆ ಸೋಮವಾರ ಅವಳು ಹೊಸ ಚೂಡಿದಾರ ಹಾಕಿಕೊಂಡು ಗ್ಯಾರೇಜಿಗೆ ಬಂದಳು. ಗ್ರೀಸಿನ ನಡುವೆ ಹೊಸ ಚೂಡಿದಾರ!

ಕಾರು ಬಂತು. ಅವನು ನಾಗಪ್ಪನಿಗೆ ನಮಸ್ಕಾರ ಹೇಳಲು ಒಳಗೆ ಹೋದ. ಅವಳು ಹುರುಪಿನಿಂದ ಕಾರಿನ ಬಾಗಿಲು ತೆಗೆದಳು.

ಸ್ಟೇರಿಂಗಿನ ಹಿಂದಿನ ಗಾಜಿನ ಮೇಲೆ ಒಂದು ಟಿಕಳಿ... ಹೆಂಗಸಿನ ಹಣೆಯ, ದುಂಡನೆಯ ಕುಂಕುಮಬಣ್ಣದ ಟಿಕಳಿ!

ಇವನ ಪಕ್ಕದಲ್ಲಿ ಕುಳಿತು, ಹಣೆಯಿಂದ ತೆಗೆದು ಸಲುಗೆಯಿಂದ ಇಲ್ಲಿ ಅಂಟಿಸುವಷ್ಟು ಹತ್ತಿರದವಳು ಯಾರು? ಹೇಳಬೇಕೆಂದಿದ್ದ ಮಾತು ಇದೇ ಏನು? ಅವನ ಮದುವೆಯ ಸುದ್ದಿಯೇ?

ಅದನ್ನು ಎಲ್ಲಿ ಅಂಟಿಸಿದ್ದಾರೆಂದು ನೋಡುವ ವ್ಯವಧಾನ ಅವಳ ಹೊಟ್ಟೆಕಿಚ್ಚಿಗೆ ಎಲ್ಲಿತ್ತು?

ಅವನು ಹೊರಗೆ ಬರುತ್ತಲೇ ಅಂದಳು, "ಇವತ್ತು ಆಗೂದಿಲ್ರಿ. ಬ್ಯಾರೆ ಕಡೆ ತೋರಸ್ರಿ."

"ಯಾಕ್ರಿ? ನಾನು ನಿಮಗ..."

"ಇನ್ನ ಮ್ಯಾಲೂ ಬರಬ್ಯಾಡ್ರಿ!"

ಅವನು ಬೆಪ್ಪನಾಗಿ ಕಾರು ಹತ್ತಿ ಹೋದ. ಎಷ್ಟು ಸಲ ರಿಂಗಾದರೂ ಅವಳು ಫೋನೆತ್ತಲಿಲ್ಲ. ವಾರ ಕಳೆದ ಮೇಲೆ ಅಪ್ಪನಿಗೆ ಹೇಳಿದಳು, "ಹಾವೇರಿಯವರಿಗೆ ಹೂಂ ಅನ್ನಪಾ." ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

"ಸಂಜೀಕ ಫೋನ್ ಹಚ್ಚತೇನಿ," ಅಂದ ನಾಗಪ್ಪ. ಆದರೆ ಮಧ್ಯಾಹ್ನವೇ ಗ್ಯಾರೇಜಿನ ಫೋನು ರಿಂಗಾಯಿತು.

"ಸುಧಾ, ಬ್ಯಾಡಗಿ ಕಾರು ಮೋಟೆಬೆನ್ನೂರ ಹತ್ರ ನಿಂತೈತಂತ. ನಮ್ಮ ಮೆಕ್ಯಾನಿಕ್ ಹನೀಫ ರಜಾ ಮ್ಯಾಲ ಅದಾನ. ನೀ ಹೋಗಿ ಬಾ."

"ನಾ ಒಲ್ಲೆ!"

"ಅವರವ್ವ ಬಿಸಲಾಗ ಕುಂತಾಳಂತವ್ವಾ..."

ಸ್ಕೂಟರ್ ಹತ್ತಿ ಹೊರಟಳು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ಎಲ್ಲೆಲ್ಲೂ ಮಣ್ಣು. ಉಳಿದಿದ್ದ ಒಂದು ಬೇವಿನ ಮರದ ಕೆಳಗೆ ಅವನ ತಾಯಿ ಸುಶೀಲವ್ವ ಕುಳಿತಿದ್ದಳು. ಮಗ ಸೊರಗಿ ನಿಂತಿದ್ದ. ಸುಧಾರಾಣಿ ಅವನ ಮುಖ ನೋಡದೆ ಬಾನೆಟ್ ಎತ್ತಿ ತಂತಿ ಸಿಕ್ಕಿಸಿದಳು.

"ಒಳಗ ಕುಂತು ಎಣಸ್ರಿ."

"ದೀಪಾ ಕಾಣೂದಿಲ್ಲ..."

"ಯಾಕ ಕಾಣೂದಿಲ್ಲ?"

"ಅವ್ವ ಅದರ ಮ್ಯಾಲ ಟಿಕಳಿ ಹಚ್ಯಾಳ."

ಅವಳ ಕೈ ನಿಂತಿತು. ಬಾಗಿಲ ಬಳಿ ಬಂದು ಬಗ್ಗಿ ನೋಡಿದಳು. ಅದೇ ಟಿಕಳಿ... ಸರಿಯಾಗಿ ಹಳದಿ ದೀಪದ ಮೇಲೆ! ಅಂಚಿನಲ್ಲಿ ಬೆಳಕು ಮಿಣುಕುತ್ತಿತ್ತು.

"ನಂದ ತಪ್ಪವಾ," ಅಂದಳು ಸುಶೀಲವ್ವ. ಅವಳ ಹಣೆಯ ಮೇಲೂ ಅಂಥದ್ದೇ ಟಿಕಳಿ. "ಕಾಗಿನೆಲಿಗೆ ಹೋಗೋ ಮುಂದ ಅದು ಪಕಪಕ ಉರ್ಯಾಕತ್ತಿತ್ತು. ನನಗ ಅಂಜಿಕಿ. ನನ್ನ ಹಣಿಮ್ಯಾಗಿಂದು ಕಿತ್ತು ಹಚ್ಚಿದ್ನಿ. ರಿಪೇರಿ ಮಾಡಿಸ್ಕೊಂಡು ಟಿಕಳಿ ತಗೀತೇನಿ ಅಂತ ಇಂವ ಸೋಮವಾರ ನಿಮ್ಮಲ್ಲಿಗೆ ಬಂದಿದ್ದ. ತಿರಿಗಿ ಬಂದಾಂವ ಊಟಾನೂ ಮಾಡಲಿಲ್ಲ."

ಸುಧಾರಾಣಿಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ದೀಪವನ್ನು ಕೇಳದೆ ಅಂದಾಜಿನ ಮೇಲೆ ಕಾರು ಬಿಚ್ಚಬೇಡಿ ಎಂದು ಊರಿಗೆಲ್ಲ ಹೇಳುವವಳು ತಾನು. ತನ್ನ ಇಡೀ ಬಾಳನ್ನು ಒಂದು ಮಾತೂ ಕೇಳದೆ ಹಾವೇರಿಗೆ ಬರೆದುಕೊಟ್ಟಳಲ್ಲ!

ಹೊತ್ತು ಇಳಿಯುತ್ತಿತ್ತು. ಅಪ್ಪ ಫೋನು ಮಾಡಿಬಿಟ್ಟಿದ್ದರೆ?

"ನನ್ನ ಮೊಬೈಲ್ ಮರತು ಬಂದೀನಿ, ನಿಮ್ಮದು ಕೊಡ್ರಿ... ಲಗೂ!"

ಗ್ಯಾರೇಜಿನ ನಂಬರ್ ಒತ್ತಿದಳು.

"ಅಪ್ಪಾ, ಹಾವೇರಿಗೆ ಫೋನ್ ಮಾಡಿದ್ಯಾ?"

"ಈಗ ಮಾಡಬೇಕಂತಿದ್ನಿ. ಯಾಕವ್ವಾ?"

"ಮಾಡಬ್ಯಾಡ! ನಾ ಆ ಹುಡುಗನ್ನ ಒಲ್ಲೆ. ನನಗ ವಿಜಯಮಹಾಂತೇಶ ಬೇಕು, ಅಪ್ಪಾ."

ಆ ಕಡೆಯಿಂದ ನಾಗಪ್ಪನ ನಗು. "ಅಂವನ ಕಾರಿನ ಸ್ವಚ್ಛ ಇದ್ದ ಫಿಲ್ಟರ್ ತಗದು ತಗದು ನೀ ಮತ್ತ ಝಾಡಸತಿದ್ದಿ. ನನಗ ಗೊತ್ತಾಗೂದಿಲ್ಲೇನು? ನೀನಾಗೇ ಹೇಳಲಿ ಅಂತ ಸುಮ್ಮನಿದ್ದೆ. ಹಾವೇರಿಯವರಿಗೆ ನಾ ಹೇಳತೇನಿ, ಬಿಡು."

ಸುಶೀಲವ್ವ ಏನೂ ಕೇಳಿಸದವಳಂತೆ ಹೊಲದ ಕಡೆ ಮುಖ ತಿರುಗಿಸಿ ಕುಳಿತಳು. ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

ಸುಧಾರಾಣಿ ಫೋನನ್ನು ಅವನ ಕೈಗಿಟ್ಟಳು. ಅವನ ಕಣ್ಣು ತುಂಬಿದ್ದವು.

"ನಿಮ್ಮಪ್ಪನ ಕೇಳಿದ್ರಿ," ಅಂದ ಮೆಲ್ಲಗೆ. "ನನ್ನ ಕೇಳಲೇ ಇಲ್ಲಲ್ಲ?"

ಅವಳಿಗೆ ಜೀವ ಹೋದಂತಾಯಿತು. "ಒಲ್ಲೆ ಅಂತೀರೇನು...?"

"ಮೊದಲನೇ ದಿನ ಕೇಳಿದ್ರೂ ಹೂಂ ಅಂತಿದ್ನಿ, ಸುಧಾ."

"ಹಂಗಾದ್ರ ಈಗ ಅನ್ರಿ."

"ಹೂಂ."