ಬಿಡಿ ಅಂದಿದ್ದು ನಾನೇ

"ಬಿಡಿ! ಬಿಡಿ ಅದನ್ನ!"

ಲ್ಯಾಬ್‌ನಿಂದ ಅಂಗಳ ದಾಟಿ ಓಡಿಬಂದವಳು ಪ್ಲಾಂಟಿನ ಬಾಗಿಲಲ್ಲೇ ನಿಂತು ಗಂಟಲು ಹರಿಯುವಂತೆ ಕೂಗಿದಳು.

ಒಳಗೆ ಬೀಜ ತುಂಬಿದ ದೊಡ್ಡ ಡ್ರಮ್ಮು ಗಡಗಡ ತಿರುಗುತ್ತಿತ್ತು. ಪಕ್ಕದ ಔಷಧದ ತೊಟ್ಟಿಯ ಹಿಡಿಕೆಯ ಮೇಲೆ ಕೈಯಿಟ್ಟು ಒಬ್ಬ ನಿಂತಿದ್ದ. ಹೊಸ ಮುಖ, ಎತ್ತರದ ಆಳು. ಅವಳ ಕೂಗಿಗೆ ತಿರುಗಿ ನೋಡಿದ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಸರಿ ಎನ್ನುವಂತೆ ತಲೆಯಾಡಿಸಿದ.

ಆಮೇಲೆ ಹಿಡಿಕೆಯನ್ನು ಪೂರ್ತಿ ಕೆಳಗೆಳೆದ!

ಕೆಂಪು ಔಷಧ ಬುಳುಬುಳು ಎಂದು ಬೀಜದ ಮೇಲೆ ಸುರಿಯಿತು...

ಆ ಔಷಧದ ಹದ ತಪ್ಪಿತ್ತು. ಅದನ್ನೇ ಸವರಿ ಪರೀಕ್ಷೆಗಿಟ್ಟಿದ್ದ ಬೀಜಗಳ ಬೇರುಗಳೆಲ್ಲ ಸುಟ್ಟು ಕರಕಲಾಗಿದ್ದನ್ನು ಆಗಷ್ಟೇ ನೋಡಿ ಓಡಿಬಂದಿದ್ದಳು. ಡ್ರಮ್ಮಿನಲ್ಲಿದ್ದುದು ಸೂರ್ಯಕಾಂತಿಯ ತಾಯಿಬೀಜ. ಮುಂದಿನ ಹಂಗಾಮಿನ ಬಿತ್ತನೆಬೀಜವೆಲ್ಲ ಅದರಿಂದಲೇ ಹುಟ್ಟಬೇಕಿತ್ತು. ಹಸುಗೂಸಿನ ಹಾಗೆ ಅದನ್ನು ಶೀತಕೋಣೆಯಲ್ಲಿ ಕಾಪಾಡಿಕೊಂಡು ಬಂದವಳು ಅವಳೇ.

"ನಿಮಗೆ ತಲೆ ಕೆಟ್ಟಿದೆಯಾ? ಕೊಂದುಬಿಟ್ರಲ್ಲ!" ಅವಳು ಹತ್ತಿರ ಬಂದು ಚೀರಿದಳು.

ಅವನು ಹುಬ್ಬು ಗಂಟಿಕ್ಕಿದ. "ಏನ್ರೀ ಇದು? ಹೇಳಿದೋರೂ ನೀವೇ, ಬೈಯೋರೂ ನೀವೇನಾ?"

ಎಂಥಾ ಸುಳ್ಳುಗಾರ! ಅವಳ ಮೈಯೆಲ್ಲ ಉರಿದುಹೋಯಿತು.

ಬೀಜಕ್ಕೆ ಔಷಧ ಸವರಿ, ಬಣ್ಣದ ಲೇಪನ ಕೊಟ್ಟು, ಬಿತ್ತುವವರ ಕೈಗೆ ಕಳಿಸುವ ಕಂಪನಿ ಅದು. ಬೀಜೋಪಚಾರ ಎನ್ನುತ್ತಾರೆ ಈ ಕೆಲಸಕ್ಕೆ. ಅಲ್ಲಿಂದಾಚೆಗಿನ ಒಂದು ವರ್ಷ ಅಲ್ಲಿ ಉಪಚಾರ ಸಿಕ್ಕಿದ್ದು ಬೀಜಕ್ಕೆ ಮಾತ್ರ. ಇವರಿಬ್ಬರು ಒಬ್ಬರಿಗೊಬ್ಬರು ಮಾಡಿಕೊಂಡಿದ್ದಕ್ಕೆ ಆ ಹೆಸರು ಇಡುವಂತಿರಲಿಲ್ಲ.

ಕಂಪನಿ ಕಟ್ಟಿದ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಕರೆಯುವುದಕ್ಕೆ ದೊಡ್ಡಮ್ಮ, ಎದುರು ನಿಂತರೆ ನ್ಯಾಯಾಧೀಶೆ. ಔಷಧ ಸುರಿದ ದಿನವೇ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು.

"ಲ್ಯಾಬ್‌ನಿಂದ ಮಾತು ಬರೋವರೆಗೂ ಕೈ ಹಚ್ಚಬಾರದು ಅಂತ ಹೇಳಿದ್ನಾ ಇಲ್ವಾ?"

"ಹೇಳಿದ್ರಿ. ಇವರ ಮಾತು ಬಂದ ಮೇಲೇ ಮಾಡಿದ್ದು," ಎಂದ ಅವನು.

"ಸುಳ್ಳು ದೊಡ್ಡಮ್ಮಾ! ನಾನು ಬೇಡ ಅಂತ ಕೂಗ್ತಾನೇ ಇದ್ದೆ. ನನ್ನ ಮುಖ ನೋಡ್ಕೊಂಡೇ ಎಳೆದ್ರು ಇವರು. ಬೇಕಂತಲೇ!"

"ನಾನು ಯಾಕ್ರೀ ಬೇಕಂತಲೇ..."

"ಸಾಕು!" ದೊಡ್ಡಮ್ಮ ಮೇಜು ಗುದ್ದಿದರು. "ಆ ಗದ್ದಲದಲ್ಲಿ ಬೇರೆ ಯಾರ ಕಿವಿಗೂ ಏನೂ ಬಿದ್ದಿಲ್ಲ. ಈ ಹುಡುಗಿ ಇಷ್ಟು ವರ್ಷದಲ್ಲಿ ನನ್ನ ಹತ್ರ ಒಂದು ಸುಳ್ಳಾಡಿಲ್ಲ. ಹಾಗಾಗಿ ಇವಳ ಮಾತು ನಂಬ್ತೀನಿ." ಅವನ ಕಡೆ ತಿರುಗಿದರು. "ನಿಮಗೆ ಒಂದು ವರ್ಷ ಟೈಮು. ಧೂಳು ಏಳದ, ಬೀಜಕ್ಕೆ ನೋವಾಗದ ಹೊಸ ಲೇಪನ ಮಾಡಿ ತೋರಿಸ್ತೀನಿ ಅಂದ್ರಲ್ಲ, ತೋರಿಸಿ. ವರ್ಷದ ಕೊನೆಗೆ ಇವಳ ಒಪ್ಪಿಗೆ ಇದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ಗಂಟುಮೂಟೆ ಕಟ್ಟಿ."

ಹೊರಗೆ ಬಂದ ಮೇಲೆ ಅವನು ತಣ್ಣಗೆ ಹೇಳಿದ. "ಅಭಿನಂದನೆ. ಸುಳ್ಳಿಗೆ ಒಳ್ಳೇ ಬೆಲೆ ಸಿಕ್ತು."

"ನಿಮಗೆ ಒಪ್ಪಿಗೆ ಕೊಡೋಕಿಂತ ಬೆಂಕಿಗೆ ಕೈ ಇಡ್ತೀನಿ!" ಎಂದಳು ಅವಳು.

ಎಣ್ಣೆ ಸೀಗೆಕಾಯಿ ಎಂದರೆ ಇವರೇ ಎಂದು ಕಂಪನಿಯೆಲ್ಲ ಆಡಿಕೊಳ್ಳತೊಡಗಿತು. ಅವಳು ಬೀಜ ಮೊಳೆಸಿ ನೋಡುವವಳಾದ್ದರಿಂದ ಮೊದಲಿನಿಂದಲೂ ಮೊಳಕೆ ಮೇಡಂ. ಅವನು ಡ್ರಮ್ ಸಾರ್ ಆದ. ಅವನು ಹೊಸ ಲೇಪನದ ಬೀಜ ಕಳಿಸುವನು. ಅವಳು ಒದ್ದೆ ಕಾಗದದ ಸುರುಳಿಯಲ್ಲಿ ಅವನ್ನು ಮಲಗಿಸಿ, ಕಾದು, ಚಿಮಟದಿಂದ ಒಂದೊಂದೇ ಬಿಡಿಸಿ ನೋಡಿ ಹೇಳಿ ಕಳಿಸುವಳು: ನಾಪಾಸು.

ಅವನು ಲ್ಯಾಬಿನ ಗಾಜಿನ ಬಾಗಿಲಿಗೇ ಬಂದು ನಿಲ್ಲುವನು. "ಏನು ಕೊರತೆ?"

"ಲೇಪನ ದಪ್ಪ. ಬೀಜ ಉಸಿರಾಡೋಕೆ ಆಗ್ತಿಲ್ಲ."

"ಬೀಜ ಬಂದು ಹೇಳ್ತಾ?"

"ಹೌದು. ನನ್ನ ಹತ್ರ ಹೇಳತ್ತೆ. ಯಾಕಂದ್ರೆ ನಾನು ಕೇಳಿಸ್ಕೊಳ್ತೀನಿ, ಕೆಲವರ ಥರ ಅಲ್ಲ!"

ಮತ್ತೆ ಲೇಪನ ತೆಳುವಾಗುವುದು. ಮತ್ತೆ ನಾಪಾಸು, ಈ ಸಲ ಉದುರುತ್ತದೆ ಎಂದು. ಅವಳು ಬೇಕೆಂದೇ ಪರೀಕ್ಷೆ ಬಿಗಿ ಮಾಡಿದಳು. ತಣ್ಣನೆ ಮಣ್ಣಿನಲ್ಲಿ ಬಿತ್ತಿದಳು, ಗಟ್ಟಿ ಮಣ್ಣಿನಲ್ಲಿ ಹೂತಳು, ಚೀಲವನ್ನು ಕುಲುಕಿಸಿ ಕುಲುಕಿಸಿ ನೋಡಿದಳು. ಅವನು ಸೋಲೊಪ್ಪುವ ಜಾತಿಯವನಲ್ಲ. ಹಲ್ಲು ಕಚ್ಚಿ ಹೊಸ ಹದ ಹುಡುಕಿದ. ಇವರಿಬ್ಬರ ಹಟದಲ್ಲಿ ಬೀಜ ಮಾತ್ರ ಹಂಗಾಮಿನಿಂದ ಹಂಗಾಮಿಗೆ ಚೆಂದವಾಗುತ್ತ ಹೋಯಿತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ದೊಡ್ಡಮ್ಮನಿಗೆ ಹೊಳೆದಿತ್ತೋ ಏನೋ, ಸುಮ್ಮನಿದ್ದರು.

ಮನೆಯಲ್ಲೂ ಅದೇ ಪುರಾಣ. ಕೆಳಗೆ ಅಕ್ಕನ ಟೈಲರ್ ಅಂಗಡಿ, ಮೇಲಿನ ಎರಡು ಕೋಣೆಯಲ್ಲಿ ಅಕ್ಕ ತಂಗಿ ಇಬ್ಬರ ಸಂಸಾರ.

"ಇವತ್ತು ಏನು ಮಾಡಿದ ಗೊತ್ತಾ ಅಕ್ಕಾ, ಆ ಮೊಂಡ..."

ಅಕ್ಕ ಬಾಯಲ್ಲಿದ್ದ ಗುಂಡುಪಿನ್ನು ತೆಗೆದಿಟ್ಟಳು. "ಒಂದು ದಿನ ಅವನ ಸುದ್ದಿ ಇಲ್ಲದೆ ಊಟ ಮಾಡೇ ತಾಯಿ. ಕಟ್ಟಿಕೊಂಡೋರೂ ಗಂಡನ ವಿಷಯ ಇಷ್ಟು ಮಾತಾಡಲ್ಲ."

"ಥೂ! ಸುಳ್ಳುಗಾರ ಕಣೇ ಅವನು!"

"ಹೂಂ, ಹೂಂ. ಸಾರು ಬಡಿಸ್ಕೋ."

ಒಂದು ಮಧ್ಯಾಹ್ನ ಅವಳು ಅವನ ಬೀಜವನ್ನು ನಾಪಾಸು ಮಾಡಿ, ಕೈ ತೊಳೆದು ಬಂದಾಗ ಗಮನಿಸಿದಳು. ಸುರುಳಿಗಳನ್ನಿಡುವ ಮೊಳಕೆ ಪೆಟ್ಟಿಗೆಯೊಳಗೆ ಕೈಯಿಟ್ಟರೆ ತಣ್ಣಗೆ! ಬೆಚ್ಚಗಿರಬೇಕಾದದ್ದು ಯಾವಾಗಲೋ ಕೆಟ್ಟುಕೂತಿತ್ತು. ಬೀಜದ ತಪ್ಪಲ್ಲ, ಅವಳದೇ ಅಜಾಗರೂಕತೆ. ಅವಳ ಮುಖ ಸಣ್ಣದಾಯಿತು.

ಅಷ್ಟರಲ್ಲೇ ಅವನು ಜಗಳಕ್ಕೆಂದು ಬಂದಿದ್ದ. ಅವಳ ಮುಖ ನೋಡಿದ, ಪೆಟ್ಟಿಗೆ ಮುಟ್ಟಿದ. ಏನೂ ಕೇಳದೆ ಸ್ಕ್ರೂಡ್ರೈವರ್ ತಂದು ಕೂತ. ಕೊನೆಗೆ ಕೆಂಪು ದೀಪ ಹತ್ತಿತು.

"ಇನ್ನೇನು, ಹೋಗಿ ದೊಡ್ಡಮ್ಮನಿಗೆ ಹೇಳ್ತೀರಲ್ಲ," ಎಂದಳು.

"ಇಲ್ಲ."

"ದಯೆ ತೋರಿಸ್ತಿದ್ದೀರಾ ನನ್ನ ಮೇಲೆ?"

"ನಿಮ್ಮ ಮೇಲಾ?" ಅವನು ಎದ್ದು ಪ್ಯಾಂಟು ಕೊಡವಿಕೊಂಡ. "ನಾನು ನಾಪಾಸಾದ್ರೆ ನ್ಯಾಯವಾಗಿ ನಾಪಾಸಾಗ್ಬೇಕು, ಅಷ್ಟೇ. ಇನ್ನೊಂದ್ಸಲ ಇಟ್ಟು ನೋಡಿ."

ಇಟ್ಟು ನೋಡಿದಳು. ಬಿಳಿ ಬೇರುಗಳು ಒಂದೇ ಸಮ ಹೊರಟು ನಿಂತಿದ್ದವು. ಪಾಸು ಎಂದು ಹೇಳಿ ಕಳಿಸುವಾಗ ಅವಳಿಗೆ ಖುಷಿಯಾಗಿಬಿಟ್ಟಿತು! ಆ ಖುಷಿಗೆ ತನ್ನ ಮೇಲೇ ಸಿಟ್ಟು ಬಂತು.

*ಛೀ, ನನಗೇನಾಗಿದೆ? ನನ್ನ ತಾಯಿಬೀಜ ಕೊಂದವನು ಅವನು. ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದವನು. ಅದನ್ನ ಮರೀಬಾರದು...*

ಮರೆಯಬಾರದೆಂದು ಅವಳು ದಿನಾ ನೆನೆದಳು. ನೆನೆದದ್ದು ತಾಯಿಬೀಜವನ್ನೋ ಅವನನ್ನೋ, ಅದು ಅವಳಿಗೇ ಗೊತ್ತು.

ವರ್ಷ ತುಂಬುತ್ತ ಬಂತು. ಹೊಸ ಲೇಪನದ ಕೊನೆಯ ದೊಡ್ಡ ಪ್ರಯೋಗ. ಡ್ರಮ್ಮು ತಿರುಗುತ್ತಿರುವಾಗಲೇ ಬೀಜ ತೆಗೆದು ನೋಡಬೇಕಿತ್ತು. ಹಾಗಾಗಿ ಅವಳು ಮೊದಲ ಬಾರಿಗೆ ಕೆಲಸದುದ್ದಕ್ಕೂ ಪ್ಲಾಂಟಿನೊಳಗೇ ನಿಂತಳು. ಅಲ್ಲಿಯವರೆಗೆ ಅವಳ ಪಾಸು ನಾಪಾಸೆಲ್ಲ ಲ್ಯಾಬಿನ ಫೋನಿನಿಂದಲೇ ನಡೆದಿತ್ತು.

ಅವನು ಹಿಡಿಕೆಯ ಹತ್ತಿರ. ಏಣಿಯ ಮೇಲೆ ಹಳೇ ಆಪರೇಟರು, ಎಲ್ಲರ ಬಾಯಲ್ಲಿ ಮೀಸೆ ಮಾಮ. ಡ್ರಮ್ಮಿನ ಸದ್ದಿಗೆ ಪಕ್ಕದವರ ಮಾತೂ ಅರ್ಧಂಬರ್ಧ.

"ಬಿಡಿ ಸಾರ್!" ಮೀಸೆ ಮಾಮ ಮೇಲಿನಿಂದ ಕೂಗಿದ.

ಅವನು ತಲೆಯಾಡಿಸಿ ಹಿಡಿಕೆ ಕೆಳಗೆಳೆದ. ಔಷಧ ಸುರಿಯಿತು.

"ಹಿಡೀರಿ ಸಾರ್!"

ಹಿಡಿಕೆ ಮೇಲೆ ಹೋಯಿತು. ಔಷಧ ನಿಂತಿತು.

"ಬಿಡಿ!"

ಮತ್ತೆ ಅದೇ ತಲೆಯಾಡಿಕೆ. ಅದೇ ನೋಟ. ಅದೇ ಕೈ...

ಬೀಜ ತುಂಬಿದ ತಟ್ಟೆ ಅವಳ ಕೈಯಿಂದ ಜಾರಿತು.

"ಮಾಮಾ," ಅವಳು ಏಣಿಯ ಕಡೆ ಕೂಗಿದಳು, "ಔಷಧ ಹಾಕಬೇಡಿ ಅನ್ನೋಕೆ ಇಲ್ಲಿ ಏನಂತೀರಿ?"

"ಹಿಡೀರಿ ಅಂತೀವಿ, ಇಲ್ಲಾಂದ್ರೆ ಸಾಕು ಅಂತೀವಿ. ಬಿಡಿ ಅಂದ್ರೆ ಬಿಡೋದೇ ಮೇಡಂ, ಇನ್ನೇನು?"

*ಬೇಡ ಅಂತ ಕೂಗಿದೆ ಅಂತ ಊರಿಗೆಲ್ಲ ಸಾರಿಕೊಂಡು ಬಂದೆ. ಮನಸ್ಸಲ್ಲಿದ್ದದ್ದು ಬೇಡ. ಬಾಯಿಂದ ಬಂದದ್ದು? ಬಿಡಿ... ಅಯ್ಯೋ! ಬಿಟ್ಟುಬಿಡಿ ಅಂತ ನಾನಂದೆ. ಸುರಿದುಬಿಡಿ ಅಂತ ಅವನು ಕೇಳಿಸ್ಕೊಂಡ. ನನ್ನ ಮಾತಿಗೆ ಕಾಯ್ತಾ ನಿಂತಿದ್ದವನಿಗೆ ನಾನೇ ಮಾತು ಕೊಟ್ಟೆ!*

"ಹುಷಾರಾಗಿದ್ದೀರಾ?" ಅವನು ದೂರದಿಂದಲೇ ಒರಟಾಗಿ ಕೇಳಿದ. ಅವಳು ಹೊರಗೆ ನಡೆದಳು.

ಮನೆಗೆ ಬಂದು ಹೊಲಿಗೆ ಯಂತ್ರದ ಪಕ್ಕ ಕುಸಿದು ಕೂತು ಎಲ್ಲ ಹೇಳಿದಳು. ಅಕ್ಕ ಪೆಡಲ್ ತುಳಿಯುವುದು ನಿಲ್ಲಿಸಿದಳು.

"ಹಾಗಾದ್ರೆ ಅವನು ಸುಳ್ಳುಗಾರ ಅಲ್ಲ."

"ಅಲ್ಲ."

"ನೀನೂ ಅಲ್ಲ."

"ಹೂಂ..."

"ಮತ್ಯಾಕೆ ಅಳ್ತೀಯ?"

"ಅವನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಇನ್ನೇನೂ ಉಳಿದಿಲ್ಲ ಅಕ್ಕಾ!"

ಅಕ್ಕ ನಗಲಿಲ್ಲ. ತಂಗಿಯ ತಲೆಯನ್ನು ಮಡಿಲಿಗೆಳೆದುಕೊಂಡಳು. "ಹೇಳಿದ್ರೆ ತಾಯಿಬೀಜ ಹೋದ ತಪ್ಪು ನಿನ್ನ ತಲೆಗೆ ಬರತ್ತೆ ಕಣೇ. ದೊಡ್ಡಮ್ಮ ಸುಮ್ಮನಿರಲ್ಲ."

"ಬರಲಿ. ಹೇಳದೇ ಇದ್ರೆ ಅವನು ಕಳಂಕ ಹೊತ್ಕೊಂಡು ಹೋಗ್ತಾನೆ."

ವರ್ಷ ಮುಗಿದ ದಿನ ದೊಡ್ಡಮ್ಮನ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಮೇಜಿನ ಮೇಲೆ ಹೊಸ ಲೇಪನದ ಬೀಜ, ಪಕ್ಕದಲ್ಲಿ ಕುಂಡದ ಸಸಿಗಳು. ಮುಂದಿನ ಹಂಗಾಮಿನಿಂದ ಕಂಪನಿಯ ಬೀಜಕ್ಕೆಲ್ಲ ಇದೇ ಲೇಪನ ಎಂದು ತೀರ್ಮಾನವಾಗಿತ್ತು.

"ಬೀಜದ ವಿಷಯ ಮುಗೀತು. ಈಗ ಮನುಷ್ಯನ ವಿಷಯ," ದೊಡ್ಡಮ್ಮ ಅವಳತ್ತ ತಿರುಗಿದರು. "ಏನಮ್ಮಾ? ಇವರು ಒಪ್ಪಿಗೇನಾ, ಇಲ್ವಾ?"

ಅವನು ಕಿಟಕಿಯಾಚೆ ನೋಡುತ್ತಿದ್ದ. ಅವಳ ಉತ್ತರ ಏನೆಂದು ತನಗೆ ಗೊತ್ತೇ ಇದೆ ಎನ್ನುವ ಹಾಗೆ.

ಅವಳು ಎದ್ದು ನಿಂತಳು. "ಒಪ್ಪಿಗೆ ಕೊಡೋ ಯೋಗ್ಯತೆ ನನಗಿಲ್ಲ ದೊಡ್ಡಮ್ಮಾ. ಅವತ್ತು ಬಿಡಿ ಅಂದಿದ್ದು ನಾನೇ. ಹಾಕಬೇಡಿ, ಬಿಟ್ಟುಬಿಡಿ ಅನ್ನೋ ಅರ್ಥದಲ್ಲಿ ಕೂಗಿದೆ. ಪ್ಲಾಂಟಿನ ಭಾಷೇಲಿ ಅದು ಸುರೀರಿ ಅಂತ ಅರ್ಥ. ಇವರು ನಾನು ಹೇಳಿದ್ದನ್ನೇ ಮಾಡಿದ್ರು. ಸುಳ್ಳು ಹೇಳಲಿಲ್ಲ. ತಪ್ಪು ನನ್ನದು. ಏನು ಶಿಕ್ಷೆ ಕೊಟ್ಟರೂ ಸರಿ."

ಅವನು ನಿಧಾನವಾಗಿ ತಿರುಗಿದ. ಅವನ ಮುಖ ಅರಳುತ್ತದೆ ಎಂದುಕೊಂಡಿದ್ದಳು. ಆದರೆ ಅದು ಕೆಂಪಗಾಯಿತು! ದವಡೆ ಬಿಗಿಯಿತು. ಬಾಗಿಲು ಧಡಾರನೆ ಎಳೆದುಕೊಂಡು ಹೊರಟುಹೋದ.

ದೊಡ್ಡಮ್ಮ ಮೇಜಿನ ಮೇಲಿನ ಕುಂಡವನ್ನು ಪಕ್ಕಕ್ಕೆ ಸರಿಸಿದರು. "ಶಿಕ್ಷೆ ಆಮೇಲೆ ಯೋಚಿಸ್ತೀನಿ. ಅವನ ಕೆಲಸ ಖಾಯಂ. ಹೋಗು, ಹೇಳು ಅವನಿಗೆ. ನಿಂತ್ಕೊಂಡು ಏನು ನೋಡ್ತೀಯ?"

ಅವನು ಪ್ಲಾಂಟಿನಲ್ಲಿದ್ದ. ಡ್ರಮ್ಮು ನಿಂತಿತ್ತು. ಉಪಕರಣಗಳನ್ನು ಒಂದೊಂದಾಗಿ ಚೀಲಕ್ಕೆ ಎಸೆಯುತ್ತಿದ್ದ.

"ಕ್ಷಮಿಸಿ," ಎಂದಳು ಅವಳು. "ದೊಡ್ಡಮ್ಮ ನಿಮ್ಮ ಕೆಲಸ..."

"ಬೇಡ ನನಗೆ!" ಸ್ಪ್ಯಾನರ್ ಚೀಲದೊಳಗೆ ಖಣ್ ಎಂದು ಬಿತ್ತು. "ಒಂದು ವರ್ಷ! ಒಂದು ವರ್ಷ ನನ್ನ ತಲೆ ತಿಂದುಬಿಟ್ರಿ ನೀವು!"

"ಗೊತ್ತು. ನಿಮ್ಮ ಮೇಲೆ ಸುಳ್ಳುಗಾರ ಅನ್ನೋ..."

"ಅದಕ್ಕಲ್ರೀ!" ಅವನು ತಿರುಗಿ ನಿಂತ. ಕಣ್ಣು ತುಂಬಿತ್ತು. "ನನ್ನನ್ನ ಯಾರು ಏನಂದ್ರೂ ತಡ್ಕೊಳ್ತಿದ್ದೆ. ನಾನು ನಿಮ್ಮನ್ನ ಸುಳ್ಳುಗಾರ್ತಿ ಅಂದ್ಕೊಂಡಿದ್ದೆ. ತಾನೇ ಹೇಳಿ, ತಾನೇ ಇಲ್ಲ ಅಂದೋಳು ಅಂತ. ಹಾಗಿದ್ರೂ ಆ ಗಾಜಿನ ಬಾಗಿಲ ಹತ್ರ ಬರೋಕೆ ದಿನಾ ಒಂದು ನೆಪ ಹುಡುಕ್ತಿದ್ದೆ. ಸುಳ್ಳು ಹೇಳೋ ಹುಡುಗಿ ಮೇಲೆ ಮನಸ್ಸಾಯ್ತಲ್ಲ, ನಾಚಿಕೆ ಇಲ್ವಾ ನಿನಗೆ ಅಂತ ವರ್ಷವಿಡೀ ನನ್ನನ್ನ ನಾನೇ ಬೈಕೊಂಡೆ. ಈಗ ಬಂದು ಯಾರೂ ಸುಳ್ಳು ಹೇಳಿಲ್ಲ ಅಂತೀರಿ! ಆ ಬೈಗುಳ ಎಲ್ಲ ಯಾರಿಗೆ ವಾಪಸ್ ಕೊಡಲಿ?"

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಅರ್ಧ ನನಗೆ ಕೊಡಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ನಾನೂ ನನ್ನನ್ನ ಅಷ್ಟೇ ಬೈಕೊಂಡಿದ್ದೀನಿ. ಅದೇ ಕಾರಣಕ್ಕೆ."

ಅವನು ಅವಳನ್ನೇ ನೋಡಿದ. ಚೀಲದ ಪಟ್ಟಿ ಅವನ ಕೈಯಿಂದ ತಾನಾಗಿ ಸಡಿಲವಾಯಿತು.

"ಅದೇ ಕಾರಣಕ್ಕಾ?"

"ಹೂಂ."

"ಹಾಗಾದ್ರೆ ದೊಡ್ಡಮ್ಮ ಕೇಳಿದ್ದಕ್ಕೆ ಉತ್ತರ ಇನ್ನೂ ಬಾಕಿ ಇದೆ," ಅವನ ದನಿ ಮೆತ್ತಗಾಗಿತ್ತು. "ಒಪ್ಪಿಗೇನಾ?"

"ಕೆಲಸಕ್ಕಾ? ಅದು ಖಾಯಂ ಆಯ್ತಲ್ಲ."

"ಕೆಲಸದ ಮಾತು ಯಾರಾಡಿದ್ರು?"

ಅವಳ ಕೆನ್ನೆ ಕೆಂಪೇರಿತು. ತಲೆ ತಗ್ಗಿಸಿ, ಅವನಿಗಷ್ಟೇ ಕೇಳುವಂತೆ ಹೇಳಿದಳು. "ಒಪ್ಪಿಗೆ."

ಅವನು ಅವಳ ಕೈ ಹಿಡಿದುಕೊಂಡ. ಇಬ್ಬರ ಬೆರಳಿಗೂ ಕೆಂಪು ಬಣ್ಣ ಅಂಟಿತ್ತು.

"ನಾಳೆ ಬೀಜ ಕಳಿಸ್ತೀನಿ. ಕೆಟ್ಟಿದ್ರೆ ನಾಪಾಸು ಮಾಡ್ತೀಯಾ?"

ಮೊದಲ ಸಲ ನೀನು ಎಂದಿದ್ದ. ಅವಳು ಅದನ್ನು ಕೇಳಿಸಿಕೊಂಡಳು, ಆದರೆ ಗುಟ್ಟು ಬಿಟ್ಟುಕೊಡಲಿಲ್ಲ.

"ಮುಲಾಜಿಲ್ಲದೆ."

"ಮದುವೆಯಾದ ಮೇಲೂ?"

"ಆಗ ಇನ್ನೂ ಬಿಗಿ ಪರೀಕ್ಷೆ ಕಣೋ!"