ಆಲೆಮನೆ ಗ್ರೌಂಡಿನ ಬಿಳಿ ಗೆರೆ

"ಅಂಗ್ಯಾಕೆ ಜಗ್ತೀಯೆ? ಕಿತ್ಕೊಂಡ್ ಬರಾಕೆ ಅದೇನು ಮೂಲಂಗಿಯಾ?" ಎಂದ ಶಿವು.

ಚಂದನ ಕೇಳಲಿಲ್ಲ. ಗೇಟಿನ ಬೀಗವನ್ನು ಎರಡೂ ಕೈಯಲ್ಲಿ ಹಿಡಿದು ಇನ್ನೊಮ್ಮೆ ಜಗ್ಗಿದಳು. ಬೀಗ ಹೊಸದು, ಅವಳ ಅಂಗೈಯಷ್ಟು ದೊಡ್ಡದು. ತಗಡಿನ ಗೇಟೂ ಹೊಸದು. ಅದರ ಮೇಲಿದ್ದ ಬೋರ್ಡಿನಿಂದ ಇನ್ನೂ ಬಣ್ಣದ ವಾಸನೆ ಬರುತ್ತಿತ್ತು. 'ಅಶೋಕ್ ಫುಟ್‌ಬಾಲ್ ಕ್ಲಬ್. ಅಪ್ಪಣೆಯಿಲ್ಲದೆ ಒಳಗೆ ಬರಬಾರದು.'

"ಅಶೋಕ್ ಫುಟ್‌ಬಾಲ್ ಕ್ಲಬ್ ಅಂತೆ. ಆವಣ್ಣ ಯಾವತ್ತಾದ್ರೂ ಬಾಲ್ ಒದ್ದವ್ನೇನ್ಲಾ?" ಎಂದಳು ಚಂದನ.

"ಒದ್ದವ್ನೆ. ಕಪ್ ಕೊಡಾಕ್ ಬಂದಿದ್ನಲ್ಲ, ಅವತ್ತು. ಚಪ್ಪಲಿ ಮುಂದಕ್ ಓಯ್ತು, ಬಾಲ್ ಅಲ್ಲೇ ಇತ್ತು."

ಬೇರೆ ದಿನವಾಗಿದ್ದರೆ ಚಂದನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ.

ಕೆರಗೋಡಿನ ಮಕ್ಕಳಿಗೆ ಇದು ಆಲೆಮನೆ ಗ್ರೌಂಡ್. ಹಿಂದೆ ಇಲ್ಲಿ ಮರಿಸಿದ್ದಯ್ಯ ಕಬ್ಬು ಅರೆದು ಬೆಲ್ಲ ಮಾಡಿಸುತ್ತಿದ್ದರು. ಬಯಲಿನಲ್ಲಿ ಕಬ್ಬಿನ ಸಿಪ್ಪೆ ಒಣಗುತ್ತಿತ್ತು. ಆಲೆಮನೆ ನಿಂತಿದ್ದು ಚಂದನ ಹುಟ್ಟುವುದಕ್ಕೂ ಮುಂಚೆ. ಆಮೇಲೆ ಊರಿನ ಹುಡುಗರು ಅಲ್ಲಿ ಫುಟ್‌ಬಾಲ್ ಶುರು ಮಾಡಿದರು. ಟೀಮಿಗೆ 'ಆಲೆಮನೆ ಬಾಯ್ಸ್' ಎಂದು ತಾವೇ ಹೆಸರಿಟ್ಟುಕೊಂಡರು.

ಚಂದನಳ ಅಣ್ಣ ಪ್ರೀತಂ ಪಿಯುಸಿ ಓದುತ್ತಾನೆ. ಅವನೇ ಗೋಲ್‌ಕೀಪರ್. ಚಂದನ, ಶಿವು ಇಬ್ಬರೂ ಐದನೇ ಕ್ಲಾಸು. ಅವರು ಆಡುವವರಲ್ಲ, ಕೂಗುವವರು. ಕೂಗುವುದೇನು ಸುಲಭದ ಕೆಲಸ ಅಂದುಕೊಳ್ಳಬೇಡಿ. ಭಾನುವಾರ ಬಂತೆಂದರೆ ಕಾಂಪೌಂಡಿನ ಮೇಲೆ ಸಾಲಾಗಿ ಕೂತು, ಹಳೇ ಎಣ್ಣೆ ಡಬ್ಬ ಬಡಿಯುತ್ತಾ 'ಆಲೆಮನೆ, ಆಲೆಮನೆ' ಎಂದು ಗಂಟಲು ಹರಿದುಕೊಳ್ಳಬೇಕು. ಇಲ್ಲದಿದ್ದರೆ ಅವರಿಗೆ ಉಂಡ ಮುದ್ದೆ ಅರಗುತ್ತಿರಲಿಲ್ಲ.

ಈಗ ಮಂಡ್ಯದಲ್ಲಿ ಕಬ್ಬಿಣ, ಸಿಮೆಂಟಿನ ಅಂಗಡಿ ಇಟ್ಟಿರುವ ಅಶೋಕಣ್ಣ ಬಂದಿದ್ದಾನೆ. ಟೀಮಿಗೆ ಜೆರ್ಸಿ ಕೊಡಿಸಿ, ನಾನೇ ಓನರ್ ಎನ್ನುತ್ತಿದ್ದಾನೆ. ಮರಿಸಿದ್ದಯ್ಯನ ಕೈಯಿಂದ ಗ್ರೌಂಡನ್ನು ಬಾಡಿಗೆಗೂ ತೆಗೆದುಕೊಂಡಿದ್ದಾನಂತೆ. ಜೆರ್ಸಿಯ ಬೆನ್ನ ಮೇಲೆ ಆಡುವವರ ಹೆಸರಿಲ್ಲ. ಅಲ್ಲಿರುವುದು ಅಶೋಕಣ್ಣನ ಅಂಗಡಿಯ ಹೆಸರು.

ಕಾಂಪೌಂಡು ಹತ್ತೋಣವೆಂದರೆ ಹೊರಗಡೆ ಕಾಲುವೆ. ಹತ್ತಬೇಕಾದರೆ ಒಳಗಿಂದಲೇ ಹತ್ತಬೇಕು. ಚಂದನ ಗೇಟಿನ ತಗಡಿನಲ್ಲಿ ಒಂದು ತೂತು ಹುಡುಕಿ ಕಣ್ಣಿಟ್ಟಳು.

"ಏನ್ ಕಾಣ್ತದೆ?" ಎಂದ ಶಿವು.

"ಬಿಳಿ ಗೆರೆ ಎಳ್ದವ್ರೆ. ಗೂಟ ಒಡ್ದು ದಾರ ಕಟ್ಟವ್ರೆ."

ಶಿವು ಅವಳನ್ನು ಪಕ್ಕಕ್ಕೆ ತಳ್ಳಿ ತಾನೂ ನೋಡಿದ. ಅವನ ಮುಖ ಬಾಡಿಹೋಯಿತು. "ಸೈಟ್ ಮಾಡ್ತಾವ್ರೆ ಕಣಮ್ಮಿ. ನಮ್ ಚಿಕ್ಕಪ್ಪನ ಗದ್ದೆ ಪಕ್ಕನೂ ಇಂಗೇ ಆಗಿದ್ದು. ಮೊದ್ಲು ಗೇಟು, ಆಮೇಕೆ ಗೂಟ, ಆಮೇಕೆ ಬಿಳಿ ಗೆರೆ. ಈಗ ಅಲ್ಲಿ ಬರೀ ಮನೆಗಳೇ."

"ಒಂದ್ ಗೆರೆ ಬಾಗ್ಕೊಂಡದೆ ಕಣ್ಲಾ."

"ರೋಡ್ ತಿರುಗ್ಬೇಕಲ್ಲ. ಇಲ್ದಿದ್ರೆ ನೀರಿನ ಟ್ಯಾಂಕರ್ ಎಂಗ್ ಬತ್ತದೆ?"

ಅವರದೇನೂ ತಪ್ಪಿಲ್ಲ. ಮಂಡ್ಯ ರೋಡಿನ ಪಕ್ಕ ಎಷ್ಟೋ ಗದ್ದೆಗಳು ಹೀಗೇ ಬಿಳಿ ಗೆರೆ ಹಾಕಿಸಿಕೊಂಡು ಸೈಟಾಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅವರ ಟೀಮು ಇಷ್ಟು ದಿನ ಆಡಿದ್ದು ಹಿಮ್ಮಡಿಯಲ್ಲಿ ಗೀಚಿದ ಗೆರೆಯ ಮೇಲೆ. ಗೋಲ್ ಕಂಬ ಎಂದರೆ ಎರಡು ಗುಡ್ಡೆ ಚಪ್ಪಲಿ.

ಸಂಜೆ ಪ್ರೀತಂ ಮನೆಗೆ ಬಂದಾಗ ಚಂದನ ಅಜ್ಜಿಯ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಣ್ಣನ ಪ್ಯಾಂಟಿನ ತುದಿಯೆಲ್ಲ ಬೆಳ್ಳಗಿತ್ತು. ಉಗುರಿನ ಸಂದಿಯಲ್ಲೂ ಸುಣ್ಣ.

"ಪ್ಯಾಂಟ್ ಯಾಕಣ್ಣ ಬೆಳ್ಳಗದೆ?"

"ಎಲ್ಲೋ ಗೋಡೆಗೆ ಒರಗಿದ್ದೆ."

"ಗ್ರೌಂಡಿಗೆ ಬೀಗ ಆಕವ್ರೆ. ಕೀ ಯಾರ್ತಾವ ಅದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪ್ರೀತಂನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಂಗಿಯ ಕೆಳಗೆ ಹೊಸ ಕೀ ಒಂದು ಥಳಕ್ಕೆಂದಿತು.

ಚಂದನ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟಳು. "ನೀನೂ ಆವಣ್ಣನ ಕಡೆ ಸೇರ್ಕೊಂಡ್ಯಾ?"

"ಯಾರ್ ಕಡೆನೂ ಇಲ್ಲ. ಭಾನುವಾರದ ಗಂಟ ಸುಮ್ಕಿರು. ಎಲ್ಲ ಗೊತ್ತಾಯ್ತದೆ."

ಅವನು ಬಚ್ಚಲಿಗೆ ಹೋಗಿ ಪ್ಯಾಂಟು ತೊಳೆಯತೊಡಗಿದ. ತನ್ನ ಬಟ್ಟೆಯನ್ನು ತಾನೇ ತೊಳೆಯುವ ಹುಡುಗನಲ್ಲ ಅವನು. ಚಂದನಳಿಗೆ ಅನುಮಾನ ಇನ್ನೂ ಬಲವಾಯಿತು. ಅಣ್ಣನೇ ಹೀಗೆ ಮಾಡಿದರೆ ಯಾರನ್ನು ನಂಬುವುದು? ಅಳುವೇ ಬಂದಿತು, ಆದರೆ ಅವರೆಕಾಯಿಯ ಮುಂದೆ ಅಳಲು ಅವಳಿಗೆ ಇಷ್ಟವಿರಲಿಲ್ಲ.

"ಅಜ್ಜಿ, ನಮ್ ಗದ್ದೆಗೆ ಕಲ್ಲು ನೆಟ್ಟಿದ್ರಲ್ಲ, ಆಗ ನೀನೇನ್ ಮಾಡ್ದೆ?"

ಅಜ್ಜಿ ಹೊಂಬಾಳಮ್ಮನಿಗೆ ಇಷ್ಟು ಕೇಳಿದರೆ ಸಾಕು. "ರೋಡ್ ಮಾಡ್ತೀವಿ ಅಂತ ಗದ್ದೆ ಮಧ್ಯಕ್ಕೇ ನೆಟ್ಟಿದ್ರು ಕಣವ್ವ. ಬೆಳಗಾಗೋದ್ರಲ್ಲಿ ಅಷ್ಟೂ ಕಲ್ಲು ಕಿತ್ತು ನಾಲೆಗ್ ಎಸ್ದೆ. ಬಂದು ಕೇಳುದ್ರು. ನಂಗೇನಪ್ಪ ಗೊತ್ತು, ನಾನು ಮುದ್ಕಿ ಅಂದೆ. ಆಗಿನ್ನೂ ನಂಗೆ ನಲ್ವತ್ತೂ ಆಗಿರ್ಲಿಲ್ಲ."

ಈ ಕತೆ ಇಡೀ ಬೀದಿಗೆ ಗೊತ್ತು. ಕಲ್ಲು ಕಿತ್ತ ಹೊಂಬಾಳಮ್ಮ ಎಂದರೆ ಊರಿನಲ್ಲಿ ಈಗಲೂ ಒಂದು ಮರ್ಯಾದೆ. ಮೊಮ್ಮಗಳು ಸುಲಿದ ಕಾಳನ್ನು ಬಿಟ್ಟು ಸಿಪ್ಪೆಯನ್ನು ಬಟ್ಟಲಿಗೆ ಹಾಕುತ್ತಾ ಯೋಚಿಸುತ್ತಿದ್ದಳು.

ಮಾರನೇ ದಿನ ಬೆಳಕು ಹರಿಯುವಾಗ ಚಂದನ, ಶಿವು ಇಬ್ಬರೂ ಕಾಂಪೌಂಡಿನ ಹಿಂದೆ, ಕಾಲುವೆಯ ಅಂಚಿನಲ್ಲಿದ್ದರು. ಹಿಂದೆ ಆಲೆಮನೆಯ ಕೊಳೆನೀರು ಹೋಗುತ್ತಿದ್ದ ಕಿಂಡಿಯೊಂದು ಅಲ್ಲಿತ್ತು. ಶಿವು ತಲೆ ತೂರಿಸಿದ. ಹೊಟ್ಟೆ ಸಿಕ್ಕಿಕೊಂಡಿತು.

"ಇನ್ನೊಂದ್ ಮುದ್ದೆ ತಿನ್ನು," ಎಂದು ಚಂದನ ಅವನ ಕಾಲು ಹಿಡಿದು ಹೊರಗೆಳೆದು, ತಾನು ಒಳಗೆ ನುಸುಳಿದಳು.

ಒಳಗೆ ಮಂಜು ಕವಿದಿತ್ತು. ಹತ್ತಿರದ್ದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವಳು ಗೂಟಗಳನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತಳು. ಒಂದೊಂದನ್ನೇ ಕಿಂಡಿಯಿಂದ ಹೊರಗೆ ಕೊಟ್ಟಳು. ಶಿವು ಕಾಲುವೆಗೆ ಎಸೆದ. ಆಮೇಲೆ ತೆಂಗಿನ ಗರಿಯೊಂದನ್ನು ಎಳೆದು ತಂದು ಕಣ್ಣಿಗೆ ಕಂಡ ಬಿಳಿ ಗೆರೆಗಳನ್ನೆಲ್ಲ ಗುಡಿಸಿಬಿಟ್ಟಳು. ಕೈ ನೋಯುತ್ತಿತ್ತು. ಒಂದೊಂದು ಗೆರೆ ಅಳಿಸಿದಾಗಲೂ ಯಾರದೋ ಮನೆಯ ಗೋಡೆ ಕೆಡವಿದಂತೆ ಖುಷಿಯಾಗುತ್ತಿತ್ತು.

ಸ್ಕೂಲಿನಲ್ಲಿ ಕೂತಾಗಲೇ ಗೊತ್ತಾಗಿದ್ದು, ಒಂದು ಜಡೆಯ ರಿಬ್ಬನ್ ಇರಲಿಲ್ಲ.

ಸಂಜೆ ಗೇಟು ತೆರೆದಿತ್ತು. ಒಳಗೆ ಜೋರು ಮಾತು ಕೇಳಿ ಮಕ್ಕಳೆಲ್ಲ ನುಗ್ಗಿದರು. ಚಂದನಳೂ ಶಿವುವೂ ಎಂದಿನಂತೆ ಕಾಂಪೌಂಡು ಹತ್ತಿ ಕೂತರು.

ಹತ್ತಿ ಕೂತ ಚಂದನ ಬಯಲನ್ನು ನೋಡಿದಳು.

ಆ ತುದಿಯಲ್ಲಿ ಉದ್ದಕ್ಕೆ ಬಿಳಿ ಗೆರೆ. ಗೆರೆಗೆ ಅಂಟಿಕೊಂಡು ದೊಡ್ಡ ಚೌಕ, ಅದರೊಳಗೆ ಸಣ್ಣ ಚೌಕ. ಮಧ್ಯದಲ್ಲಿ ದುಂಡನೆಯ ಗೆರೆ. ಟೀವಿಯಲ್ಲಿ ಮ್ಯಾಚು ನೋಡುವಾಗ ಮೇಲಿನಿಂದ ತೋರಿಸುತ್ತಾರಲ್ಲ, ಥೇಟ್ ಹಾಗೇ ಇತ್ತು. ಈ ತುದಿಯಲ್ಲಿ ಮಾತ್ರ ಏನೂ ಇಲ್ಲ. ತೆಂಗಿನ ಗರಿ ಎಳೆದ ಗುರುತು ಅಷ್ಟೇ.

"ಸೈಟಲ್ಲ ಕಣ್ಲಾ," ಎಂದಳು ಮೆಲ್ಲಗೆ.

ಕೆಳಗೆ ಅಶೋಕಣ್ಣ ಪ್ರೀತಂನನ್ನು ನಿಲ್ಲಿಸಿಕೊಂಡಿದ್ದ. "ಭಾನುವಾರ ಮಳವಳ್ಳಿ ಟೀಮ್ ಬತ್ತದೆ. ಗೆರೆ ಇಲ್ದಿರೋ ಗ್ರೌಂಡಲ್ಲಿ ಆಡಲ್ಲ ಅಂದವ್ರೆ. ಗೆರೆ ನಾವೇ ಆಕ್ತೀವಿ, ಕೀ ನಮ್ತಾವೇ ಇರ್ಲಿ ಅಂದ್ರಿ. ಕೊಟ್ಟೆ. ಏನ್ಲಾ ಇದು?"

ಪ್ರೀತಂ ನೆಲ ನೋಡುತ್ತಿದ್ದ. "ದನ ನುಗ್ಗವೆ ಅಣ್ಣ."

"ಗೇಟಿಗೆ ಬೀಗ ಅದೆ. ದನಕ್ಕೆ ಗೂಟ ಕೀಳಾಕೂ ಬತ್ತದಾ?"

"ದನನೇ ಅಣ್ಣ. ನಾಳೆ ಸರಿ ಮಾಡ್ತೀವಿ."

ಅವನ ಬಲಗೈ ಮುಷ್ಟಿಯಾಗಿತ್ತು. ಬೆರಳ ಸಂದಿಯಿಂದ ಕೆಂಪು ರಿಬ್ಬನ್ನಿನ ತುದಿ ಇಣುಕುತ್ತಿದ್ದುದನ್ನು ಕಂಡವಳು ಚಂದನ ಒಬ್ಬಳೇ.

"ಸರಿ ಮಾಡಿ. ಕೀ ಇತ್ಲಾಗ್ ಕೊಡು. ಇನ್ಮೇಲೆ ನನ್ತಾವೇ ಇರ್ಲಿ," ಎಂದು ಅಶೋಕಣ್ಣ ಕೈ ಚಾಚಿದ. ಗ್ರೌಂಡು ಹಾಳಾಗಿದ್ದಕ್ಕೆ ಅವನಿಗೆ ಅಷ್ಟೇನೂ ಬೇಜಾರಾದಂತೆ ಕಾಣಲಿಲ್ಲ. ಕೀ ಜೇಬಿಗೆ ಹಾಕಿಕೊಳ್ಳುವಾಗ ಮೀಸೆಯ ಕೆಳಗೆ ಒಂದಿಷ್ಟು ನಗುವೂ ಇದ್ದ ಹಾಗಿತ್ತು.

ಶನಿವಾರ ಮಧ್ಯಾಹ್ನ ಗೆರೆ ಹಾಕಲು ಪ್ರೀತಂ ಒಬ್ಬನೇ ಹೊರಟ. ಚಂದನ ಹಿಂದೆಯೇ ಹೋದಳು. ಅವನು ಬರಬೇಡ ಎನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ. ಅಶೋಕಣ್ಣನ ಅಂಗಡಿಯವನೊಬ್ಬ ಗೇಟು ತೆಗೆದು, ಅಲ್ಲೇ ಫೋನು ನೋಡುತ್ತಾ ಕೂತ.

ಹಳೇ ಆಲೆಮನೆಯ ಮೂಲೆಯಲ್ಲಿ ಸುಣ್ಣದ ಮೂಟೆಯಿತ್ತು. ಕಬ್ಬಿನ ಹಾಲು ತಿಳಿಯಾಗಲೆಂದು ಕೊಪ್ಪರಿಗೆಗೆ ಹಾಕುತ್ತಿದ್ದ ಸುಣ್ಣ, ಮಿಕ್ಕು ಗಟ್ಟಿಯಾಗಿತ್ತು. ಪ್ರೀತಂ ಅದನ್ನು ಕುಟ್ಟಿ ಪುಡಿ ಮಾಡಿದ. ಹೊಸ ಗೂಟ ಹೊಡೆದ. ದಾರ ಕಟ್ಟಲು ಹೋದರೆ ಗೂಟಕ್ಕೆ ಸುತ್ತಲು ಉದ್ದ ಸಾಲಲಿಲ್ಲ. ಅವನು ಜೇಬಿನಿಂದ ಕೆಂಪು ರಿಬ್ಬನ್ ತೆಗೆದು ತಂಗಿಯ ಕೈಗೆ ಕೊಟ್ಟ.

"ಇದನ್ನ ಸೇರಿಸ್ ಕಟ್ಟು. ಬಿಗಿಯಾಗಿ."

ಚಂದನ ಕಟ್ಟಿದಳು. ಕಣ್ಣು ಮಂಜಾಗಿ ಗಂಟು ಸರಿಯಾಗಿ ಕಾಣಲೇ ಇಲ್ಲ.

"ಸೈಟ್ ಮಾಡ್ತಾನೆ ಅಂದ್ಕೊಂಡೆ ಕಣಣ್ಣ."

"ನಿಂಗೊಬ್ಳಿಗೇನಾ? ನಮ್ಗೂ ಅದೇ ಡೌಟು," ಎಂದು ಪ್ರೀತಂ ಗೇಟಿನ ಕಡೆ ನೋಡಿ ದನಿ ತಗ್ಗಿಸಿದ. "ಅದ್ಕೇ ಪಟ್ಟು ಇಡ್ದು ಕೀ ಇಸ್ಕೊಂಡಿದ್ದು. ಕೀ ನಮ್ತಾವಿದ್ರೆ ಒಳಗ್ ಯಾರ್ ಬತ್ತಾರೆ, ಯಾರ್ ಅಳತೆ ಇಡೀತಾರೆ ಅಂತ ಗೊತ್ತಾಯ್ತಿತ್ತು. ಭಾನುವಾರ ನಾನೇ ಗೇಟ್ ತೆಗ್ದು ನಿಮ್ಮೆಲ್ರನ್ನೂ ಒಳಗ್ ಬುಡಣ ಅಂತಿದ್ದೆ."

"ನಂಗ್ಯಾಕ್ ಏಳ್ಲಿಲ್ಲ?"

"ನಿಂಗ್ ಏಳಿದ್ರೆ ನೀನು ಶಿವುಗ್ ಏಳ್ತಿದ್ದೆ. ಶಿವುಗ್ ಗೊತ್ತಾದ್ರೆ ಮದ್ದೂರ್ ಗಂಟ ಕೇಳ್ತದೆ."

ಅದು ನಿಜವೇ ಆಗಿತ್ತು. ಅಣ್ಣ ಸುಣ್ಣ ಉದುರಿಸುತ್ತಾ ಹಿಂದಕ್ಕೆ ನಡೆದ. ಅವಳು ದಾರದ ತುದಿ ಹಿಡಿದು, ಬೆರಳು ಕೆಂಪಗಾದರೂ ಬಿಡದೆ, ಗೆರೆ ಮುಗಿಯುವವರೆಗೂ ಕುಕ್ಕರುಗಾಲಿನಲ್ಲಿ ಕೂತಿದ್ದಳು.

ಭಾನುವಾರ ಗೇಟಿನಲ್ಲಿ ಅಶೋಕಣ್ಣನೇ ನಿಂತಿದ್ದ. "ಒಳಗ್ ಬರೋ ಮಕ್ಳು 'ಅಶೋಕ್ ಕ್ಲಬ್' ಅಂತ ಕೂಗ್ಬೇಕು. ಆಲೆಮನೆ ಗೀಲೆಮನೆ ಎಲ್ಲ ಬ್ಯಾಡ," ಎಂದ.

ಮಕ್ಕಳು ತಲೆಯಾಡಿಸಿ ಒಳಗೆ ಹೋದರು. ಕಾಂಪೌಂಡಿನ ಮೇಲೆ ಕೂತು ಸುಮಾರು ಹೊತ್ತು ಯಾರೂ ಏನೂ ಕೂಗಲಿಲ್ಲ. ಶಿವುವಿನ ತೊಡೆಯ ಮೇಲೆ ಡಬ್ಬ ಸುಮ್ಮನಿತ್ತು.

ಆಟ ನಡೆಯಿತು. ಮಳವಳ್ಳಿಯ ಉದ್ದನೆಯ ಹುಡುಗನೊಬ್ಬ ಇಬ್ಬರನ್ನು ದಾಟಿಕೊಂಡು ಬಂದು ಬಲವಾಗಿ ಒದ್ದ. ಪ್ರೀತಂ ಪಕ್ಕಕ್ಕೆ ಹಾರಿ ಬಿದ್ದ. ಬಾಲು ಗೆರೆಯ ಮುಂದೆ ಅವನ ಎದೆಯ ಕೆಳಗಿತ್ತು. ಅವನ ಹೊಸ ಜೆರ್ಸಿಯ ತುಂಬಾ ಸುಣ್ಣ.

ಡಬ್ಬ ಬಡಿದದ್ದು ಶಿವುವೋ ಚಂದನಳೋ ಗೊತ್ತಾಗಲಿಲ್ಲ. "ಆಲೆಮನೆ! ಆಲೆಮನೆ!" ಎಂದು ಇಡೀ ಕಾಂಪೌಂಡೇ ಕೂಗಿತು. ಅಶೋಕಣ್ಣ ತಿರುಗಿ ನೋಡಿದ. ಯಾರ ಬಾಯಿಯೂ ಮುಚ್ಚಲಿಲ್ಲ.

ಮ್ಯಾಚು ಸಮವಾಯಿತು. ಮಳವಳ್ಳಿಯವರು ಕೈ ಕುಲುಕಿ ವ್ಯಾನು ಹತ್ತಿದರು.

"ಬಿರ್ರನೆ ನಡೀರಿ, ಬೀಗ ಆಕ್ಬೇಕು," ಎಂದು ಅಶೋಕಣ್ಣ ಬೆರಳಿನಲ್ಲಿ ಕೀ ತಿರುಗಿಸುತ್ತಾ ಕೂಗಿದ. ಮಕ್ಕಳೆಲ್ಲ ಬಯಲಿನ ಮೇಲೆ ಅಡ್ಡಾದಿಡ್ಡಿ ಓಡಿದರು. ಚಂದನ ಓಡಲಿಲ್ಲ. ಗೋಲಿನ ಮುಂದಿನ ಗೆರೆ ಬಂದಾಗ, ಬಾಗಿಲ ಮುಂದಿನ ರಂಗೋಲಿ ದಾಟುವ ಹಾಗೆ, ಕಾಲೆತ್ತಿ ದಾಟಿದಳು. ಪ್ರೀತಂ ಅದನ್ನು ನೋಡಿದ.

ಇಬ್ಬರೂ ಹೊರಗೆ ಬಂದರು. ಹಿಂದೆ ಬೀಗ ಬಿದ್ದ ಸದ್ದಾಯಿತು. ಸ್ವಲ್ಪ ದೂರ ಹೋದ ಮೇಲೆ ಪ್ರೀತಂ ತಂಗಿಯ ಕಡೆ ಬಾಗಿದ.

"ದಿನಾ ಸ್ಕೂಲಿಗ್ ಓಗ್ವಾಗ ಆ ತೂತಲ್ಲಿ ಒಂದ್ ಸಲ ಇಣುಕ್ ನೋಡು. ಇರೋ ಗೆರೆ ನಮ್ದೇನಾ ಅಂತ."

"ಬೇರೆ ಗೆರೆ ಕಂಡ್ರೆ ಮೊದ್ಲು ನಿಂಗೇ ಬಂದ್ ಏಳ್ತೀನಿ."

"ಶಿವುಗೆ?"

ಚಂದನ ಸ್ವಲ್ಪ ಯೋಚಿಸಿದಳು.

"ಆಮೇಕೆ."